ಮಾತು ಬಿಟ್ಟವರ ಜಗಳ

ನನಗೆ ಜಗಳ ಆಡಲು ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ, ಈಜು ಬಾರದವರು ತುಂಬಿದ ಹೊಳೆಯ ದಂಡೆಯ ಮೇಲೆ ನಿಂತು ಹೇಳುವ ಹಾಗೆ ಹೇಳುತ್ತಿದ್ದೇನೆ. ಕೋಪ ಬರುವುದಿಲ್ಲವೆಂದಲ್ಲ. ಬರುತ್ತದೆ, ಬಂದು ಕುಳಿತುಕೊಳ್ಳುತ್ತದೆ. ಅದಕ್ಕೆ ತಕ್ಕ ಮಾತು ಮಾತ್ರ ಎರಡು ಮೂರು ದಿನ ತಡವಾಗಿ ಬರುತ್ತದೆ. ನಾನು ಪಾಠ ಹೇಳುವ ಶಾಲೆಯಲ್ಲಿ ಉರ್ದು ಕಲಿಸುವ ಶಿಕ್ಷಕಿಯೊಬ್ಬರು ಒಮ್ಮೆ ನನ್ನ ಕುರ್ಚಿಯನ್ನು ಕೇಳದೆ ಎತ್ತಿಕೊಂಡು ಹೋದರು. ಅವರಿಗೆ ಏನು ಹೇಳಬೇಕೆಂಬುದು ನನಗೆ ಹೊಳೆದದ್ದು ಮೂರನೆಯ ದಿನ, ಸ್ನಾನ ಮಾಡುವಾಗ. ಬಹಳ ಒಳ್ಳೆಯ ಮಾತಾಗಿತ್ತು. ತಡಮಾಡದೆ ಹೋಗಿ ಹೇಳಿದೆ. ಅವರು ನನ್ನನ್ನೇ ನೋಡಿ, ತುಂಬ ಮರ್ಯಾದೆಯಿಂದ, 'ಯಾವ ಕುರ್ಚಿ?' ಎಂದರು. ನಾನು ಕ್ಷಮೆ ಕೇಳಿ ಬಂದೆ.

ಇಂಥವಳು ಕಥೆ ಬರೆಯಲು ಹೋಗಬಾರದಿತ್ತು. ಹೈದರಾಬಾದಿನಲ್ಲಿ ನಾಲ್ಕು ವರ್ಷ ಎಲ್ಲವನ್ನೂ ಉರ್ದುವಿನಲ್ಲಿ ಓದಿ ಬಿ.ಎ. ಮುಗಿಸಿ ತಾಂಡೂರಿಗೆ ಮರಳಿದ ಮೇಲೆ, ಕನ್ನಡದಲ್ಲಿ ಏನಾದರೂ ಬರೆಯದಿದ್ದರೆ ಆ ಭಾಷೆ ಅಡುಗೆಮನೆಯಲ್ಲೇ ಉಳಿದುಬಿಡುತ್ತದೆ ಎಂದು ನನಗೆ ಅನ್ನಿಸತೊಡಗಿತು. ಜೋಳದ ಚೀಲಗಳಿರುವ ಕೋಣೆಯ ಬಾಗಿಲು ಹಾಕಿಕೊಂಡು, ಯಾರಿಗೂ ಹೇಳದೆ ಒಂದು ಕಥೆ ಬರೆದೆ. ಇಬ್ಬರು ವಾರಗಿತ್ತಿಯರ ಕಥೆ. ಅವರು ಒಂದೇ ಮನೆಯಲ್ಲಿ ಅನ್ಯೋನ್ಯವಾಗಿರುತ್ತಾರೆ. ಮೊದಲ ಪುಟದಲ್ಲಿ ಅನ್ಯೋನ್ಯವಾಗಿರುತ್ತಾರೆ, ಹದಿನಾರನೆಯ ಪುಟದಲ್ಲಿ ಇನ್ನಷ್ಟು ಅನ್ಯೋನ್ಯವಾಗಿರುತ್ತಾರೆ. ಗಡಿಯಾಚೆಯ ಒಂದು ಮಾಸಪತ್ರಿಕೆಗೆ ಕಳಿಸಿದೆ. ಸಂಪಾದಕರು ಒಂದು ಕಾರ್ಡು ಬರೆದು ಕಥೆಯನ್ನು ಹಿಂದಿರುಗಿಸಿದರು. 'ನಿಮ್ಮ ಭಾಷೆ ಶುದ್ಧವಾಗಿದೆ. ಅಕ್ಷರ ಸುಂದರವಾಗಿದೆ. ಆದರೆ ಕಥೆಯಲ್ಲಿ ಎಲ್ಲರೂ ಒಳ್ಳೆಯವರು. ಯಾರಿಗೂ ಯಾರೊಂದಿಗೂ ಜಗಳವಿಲ್ಲ. ಜಗಳವಿಲ್ಲದ ಕಥೆ ಹಸಿವಿಲ್ಲದವನ ಮುಂದಿನ ಊಟ. ಯೋಚಿಸಿ.'

ಯೋಚಿಸಿದೆ. ಅವರು ಹೇಳಿದ್ದರಲ್ಲಿ ಸತ್ಯವಿಲ್ಲವೆಂದು ಹೇಳಲಾರೆ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹೇಳಿಸುತ್ತಾರೆ. ದಾಯಾದಿಗಳು ಮೊದಲ ದಿನವೇ ಕೂತು ಸಮನಾಗಿ ಹಂಚಿಕೊಂಡುಬಿಟ್ಟರೆ ಶಾಸ್ತ್ರಿಗಳು ಎರಡನೆಯ ದಿನ ಏನು ಹೇಳಬೇಕು? ಆದರೂ ನನಗೆ ಕೋಪ ಬಂತು. ಬರವಣಿಗೆಯಲ್ಲಿ ಜಗಳ ಬೇಕಾಗಬಹುದು, ಬದುಕಿಗೆ ಅದು ಯಾಕೆ? ಸಂಪಾದಕರಿಗೆ ಉತ್ತರ ಬರೆಯಲು ಧೈರ್ಯವಾಗಲಿಲ್ಲ. ಅದರ ಬದಲು, ಜಗಳವಿಲ್ಲದೆ ಮನೆ ಎಷ್ಟು ಚೆನ್ನಾಗಿರುತ್ತದೆಂಬುದನ್ನು ನಮ್ಮ ಮನೆಯಲ್ಲೇ ತೋರಿಸಿಬಿಡಬೇಕೆಂದು ನಿರ್ಧರಿಸಿದೆ. ಓದಿದವರು ಮಾಡುವ ತಪ್ಪುಗಳು ಹೀಗೆಯೇ ಶುರುವಾಗುತ್ತವೆ. ಅಂಚೆಯಲ್ಲಿ ಮುಗಿಯಬೇಕಾದದ್ದು ಅಂಗಳಕ್ಕೆ ಬರುತ್ತದೆ.

ನಮ್ಮ ಅಂಗಳದ ವಿಷಯ ಹೇಳಬೇಕು. ನಮ್ಮದು ಮತ್ತು ದೊಡ್ಡವ್ವನದು ಎದುರುಬದುರು ಮನೆಗಳು, ನಡುವೆ ಒಂದೇ ಅಂಗಳ. ದೊಡ್ಡವ್ವ ಎಂದರೆ ಅಪ್ಪನ ತೀರಿಕೊಂಡ ಅಣ್ಣನ ಹೆಂಡತಿ, ಅವ್ವನ ವಾರಗಿತ್ತಿ. ಮನೆ ಪಾಲಾದಾಗ ಯಾಲಾಲ್ ಕಡೆಯ ಹೊಲ, ದನ, ತಾಮ್ರದ ಹಂಡೆ, ಬೀಸುವ ಕಲ್ಲು ಎಲ್ಲ ಭಾಗವಾದವು. ಒಂದು ಮಾತ್ರ ಆಗಲಿಲ್ಲ. ಅದು ಅಂಗಳದ ನಡುವಿನ ಫರಸಿ, ಅಂದರೆ ನಮ್ಮೂರ ಗಣಿಯ ಹಾಸುಗಲ್ಲು. ಅಜ್ಜ ನಾಲ್ಕು ಜೋಡಿ ಎತ್ತು ಕಟ್ಟಿ ಎಳೆಸಿ ತಂದದ್ದಂತೆ. ಅದನ್ನು ಎತ್ತುವವರಿಲ್ಲದ್ದರಿಂದ ಪಂಚರು ಗಡಿಯನ್ನೇ ಕಲ್ಲಿನ ಮೇಲೆ ಹಾಯಿಸಿ, ಅರ್ಧ ಅವರದು ಅರ್ಧ ಇವರದು ಎಂದು ಹೇಳಿ ಎದ್ದುಹೋದರು. ಪಾಲಿನ ದಿನವೇ ಅವ್ವ ಮತ್ತು ದೊಡ್ಡವ್ವ ಹಣೆಗೆ ಹಚ್ಚುವ ಈಬತ್ತಿ ಮುಟ್ಟಿ ಆಣೆ ಮಾಡಿದರು: ಜೀವ ಇರುವ ತನಕ ಒಬ್ಬರ ಜೊತೆ ಒಬ್ಬರು ಮಾತಾಡುವುದಿಲ್ಲ. ಇದಾಗಿ ಹನ್ನೊಂದು ವರ್ಷವಾಯಿತು.

ನಮ್ಮ ಕಡೆ ಮಾತು ಬಿಡುವುದೆಂದರೆ ಸಣ್ಣ ವಿಷಯವಲ್ಲ. ಬಿಟ್ಟವರು ಬಿಟ್ಟರು. ಅವರ ಮುಂದೆ ಮನೆಗೆ ಬೆಂಕಿ ಬಿದ್ದರೂ ಬೆಕ್ಕನ್ನು ಕರೆದು, 'ಏ ಬೆಕ್ಕೇ, ಆ ಮನಿಯಾಕಿಗಿ ಹೇಳು, ಮಾಳಗಿ ಉರಿಲಾಕ ಹತ್ಯದ' ಎನ್ನಬೇಕೇ ಹೊರತು ನೇರವಾಗಿ ಹೇಳುವಂತಿಲ್ಲ. ಆದರೆ ಈ ಶಾಸನಕ್ಕೆ ಒಂದು ವಿನಾಯಿತಿ ಇದೆ. ಜಗಳ ಆಡಬಹುದು. ನಾನು ಒಮ್ಮೆ ಅವ್ವನನ್ನು, 'ಮಾತಾಡಂಗಿಲ್ಲ ಅಂತ ಆಣಿ ಮಾಡೀದಿ, ಮತ್ತ ಮುಂಜಾನಿಂದ ಆಕಿ ಕೂಡ ಏನು ಮಾಡ್ಲಾಕ ಹತ್ತೀದಿ?' ಎಂದು ಕೇಳಿದ್ದೆ. ಅವ್ವ ನನ್ನ ಬಿ.ಎ.ಯನ್ನೇ ಕರುಣೆಯಿಂದ ನೋಡಿ ಹೇಳಿದಳು: 'ಬೈಯೂದಕ್ಕ ಮಾತಂತಾರೇನ? ಮಾತು ಬ್ಯಾರೆ, ಬೈಗುಳ ಬ್ಯಾರೆ. ಅಷ್ಟೂ ತಿಳಿಯಂಗಿಲ್ಲಂದ್ರ ಹೈದರಾಬಾದ್ನ್ಯಾಗ ಏನ್ ಕಲಿಸ್ಯಾರ ನಿನಗ?'

ಹೀಗಾಗಿ ದಿನಾ ಬೆಳಿಗ್ಗೆ, ದನಕ್ಕೆ ಹುಲ್ಲು ಹಾಕಿ ಅಪ್ಪ ಕಚೇರಿಗೆ ಹೊರಡುವುದರೊಳಗೆ, ಫರಸಿಯ ಎರಡು ಬದಿಗೆ ಇಬ್ಬರೂ ಬಂದು ನಿಲ್ಲುತ್ತಿದ್ದರು. ಒಬ್ಬರಿಗೆ ಬಟ್ಟೆ ಒಗೆಯುವುದಿರುತ್ತಿತ್ತು, ಇನ್ನೊಬ್ಬರಿಗೆ ಸಂಡಿಗೆ ಒಣಹಾಕುವುದು. ನೀರು ಸಿಡಿಯುತ್ತಿತ್ತು. ಸಿಡಿಯದಿದ್ದರೆ ಸಿಡಿಸಲಾಗುತ್ತಿತ್ತು.

'ನಿನ್ನ ಗಂಡ ಕೆಮ್ಮೂದು ನಮ್ಮ ಮನಿ ತನ ಕೇಳಸ್ತದ. ನಮಗ ನಿದ್ದಿಲ್ಲ! ಜೇಷ್ಠಮಧು ಜಜ್ಜಿ ಕುಡಿಸಾಕ ಕೈ ಮುರದಾವೇನ ನಿಂದು?' ಎಂದು ದೊಡ್ಡವ್ವ ಶುರುಮಾಡುತ್ತಿದ್ದಳು.

'ನಮ್ಮನ್ಯಾಗ ಇದ್ರ ಕುಡಸ್ತಿದ್ದಿಲ್ಲೇನ? ನಿನ್ನಂಗ ಡಬ್ಬಿ ಡಬ್ಬಿ ತುಂಬಿ ಬೀಗ ಹಾಕಿ ಕೂಡೋರಲ್ಲ ನಾವು!'

'ಇಲ್ದಿದ್ರ ಕೇಳಬೇಕು!'

'ಕೇಳಾಕ ನಿನ್ನ ಕೂಡ ಮಾತಾಡ್ತೀನೇನ ನಾ?'

ಸ್ವಲ್ಪ ಹೊತ್ತಿಗೆ ಫರಸಿಯ ಮೇಲೆ ನಮ್ಮ ಅರ್ಧದಲ್ಲಿ ಜೇಷ್ಠಮಧುವಿನ ಬೇರು ಬಿದ್ದಿರುತ್ತಿತ್ತು. ಯಾರು ಇಟ್ಟರೆಂದು ಯಾರೂ ಕೇಳುತ್ತಿರಲಿಲ್ಲ. ಅಪ್ಪನ ಕೆಮ್ಮು ಕಡಿಮೆಯಾದರೆ, ಮರುದಿನ ಅವ್ವ, 'ರಾತ್ರಿ ನಿದ್ದಿ ಬಂತೇನ ಈಗರ? ಹೊಟ್ಟಿ ತಣ್ಣಗಾತೇನ?' ಎಂದು ಕೂಗಿ ತಿಳಿಸುತ್ತಿದ್ದಳು. ನಾನು ಕಿವಿಯಲ್ಲಿ ಅರಳೆ ಇಟ್ಟುಕೊಂಡು ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ಊರಿನಲ್ಲಿದ್ದಷ್ಟು ವರ್ಷವೂ ನನಗೆ ಕೇಳಿಸಿದ್ದು ಗದ್ದಲ ಮಾತ್ರ. ಜೇಷ್ಠಮಧು ಕಣ್ಣಿಗೆ ಬೀಳಲಿಲ್ಲ.

ಸಂಪಾದಕರ ಕಾರ್ಡು ಬಂದ ವಾರವೇ ನಾನು ಶಾಲೆಯ ಅಳತೆಪಟ್ಟಿ ತಂದು ಫರಸಿಯನ್ನು ಅಳೆದೆ. ಏಳು ಅಡಿ ಹತ್ತು ಇಂಚು. ಅರ್ಧಕ್ಕೆ ಮೂರು ಅಡಿ ಹನ್ನೊಂದು ಇಂಚು. ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ. ಕಲ್ಲನ್ನು ಎರಡು ಮಾಡಿಸಿ ಅವರವರ ಅರ್ಧವನ್ನು ಅವರವರ ಬಾಗಿಲ ಬಳಿ ಇಡಿಸಿ, ನಡುವೆ ಗಡಿಯ ಗುರುತಿಗೆ ಆಳೆತ್ತರದ ಫರಸಿಗಳನ್ನು ಸಾಲಾಗಿ ನಿಲ್ಲಿಸಿಬಿಟ್ಟರೆ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ. ಇಬ್ಬರ ಒಪ್ಪಿಗೆಯೂ ಬಹಳ ಸುಲಭವಾಗಿ ಸಿಕ್ಕಿತು. 'ಆ ಕಲ್ಲು ಒಡದು ನನ್ನ ಪಾಲು ನನಗ ಕೊಡ್ರಿ' ಎಂದು ಇಬ್ಬರೂ ಹನ್ನೊಂದು ವರ್ಷ ಊರಿಗೆಲ್ಲ ಕೇಳುವಂತೆ ಕೂಗಿದ್ದರು. ಈಗ ಬೇಡವೆನ್ನುವುದು ಹೇಗೆ? ಅವ್ವ ನನ್ನನ್ನು ಬದಿಗೆ ಕರೆದು, 'ಆಕಿ ಏನಂದ್ಳು?' ಎಂದು ಕೇಳಿದಳು. 'ಒಪ್ಪಿದಳು' ಎಂದೆ. 'ಹಂಗಾದ್ರ ನನಗೇನು, ನಾನೂ ಒಪ್ದೆ.' ದೊಡ್ಡವ್ವನೂ ಅದೇ ಕೇಳಿದಳು, ಅದೇ ಹೇಳಿದಳು. ಇಬ್ಬರೂ ಯಾಕೆ ಅಷ್ಟು ಮೆಲ್ಲಗೆ ಹೇಳಿದರು ಎಂಬುದನ್ನು ನಾನು ಗಮನಿಸಬೇಕಾಗಿತ್ತು.

ಕಲ್ಲು ಒಡೆಯುವ ಮಲ್ಲಯ್ಯ ಆಳುಗಳೊಂದಿಗೆ ಬಂದ. ತೆಲುಗು ಮನೆಮಾತಿನವನು, ಕನ್ನಡವನ್ನೂ ಚಾಣದಿಂದ ಒಡೆದಂತೆ ಆಡುತ್ತಿದ್ದ. ಕಲ್ಲಿನ ಸುತ್ತ ಎರಡು ಸುತ್ತು ಬಂದು, ಅಂಗೈಯಿಂದ ಸವರಿ, 'ಅಮ್ಮಾ, ಬಂಗಾರದಂಥ ಬಂಡ. ಮಂದಿ ಎರಡಿದ್ದದ್ದು ಒಂದ್ ಮಾಡು ಅಂತ ಕರೀತಾರ. ನೀವು ಒಂದಿದ್ದದ್ದು ಎರಡು ಮಾಡು ಅಂತೀರಿ. ಓದಿದೋರು, ನಿಮಗ ಗೊತ್ತಿರ್ಬೇಕು' ಎಂದ. ಗೊತ್ತಿದೆ ಎಂದೆ. ಮಧ್ಯಾಹ್ನದೊಳಗೆ ಕಲ್ಲು ನನ್ನ ಗೆರೆಯ ಮೇಲೆ ಕೂದಲೆಳೆ ತಪ್ಪದಂತೆ ಸೀಳಿತು. ಸಂಜೆಯೊಳಗೆ ನಡುವೆ ಗೋಡೆ ನಿಂತಿತು. ಆ ದಿನ ನನಗೆ ಪದವಿ ಸಿಕ್ಕ ದಿನಕ್ಕಿಂತ ಹೆಚ್ಚು ಸಂತೋಷವಾಗಿತ್ತು.

ಮರುದಿನ ಬೆಳಿಗ್ಗೆ ಅರಳೆಯಿಲ್ಲದೆ ಟಿಪ್ಪಣಿ ಬರೆದೆ. ಎರಡನೆಯ ದಿನವೂ ಬರೆದೆ. ಮೂರನೆಯ ದಿನ ಅವ್ವ ಒಗೆಯುವ ಬಟ್ಟೆ ಹಿಡಿದುಕೊಂಡು ತನ್ನ ಅರ್ಧ ಕಲ್ಲಿನ ಮುಂದೆ ಸುಮ್ಮನೆ ನಿಂತಿದ್ದನ್ನು ಕಂಡೆ. ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ತಹಸೀಲು ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತ; ಮೇಲಿನವರು ಏನಂದರೂ ಒಪ್ಪಿಕೊಂಡು ಬದುಕಿದವರು. ಅವ್ವ, 'ನಿಮ್ಮ ಜಲ್ಮದಾಗ ಒಂದ್ ಸಾಮಾನರ ಸರಿ ಜಾಗಾಕ್ಕ ಇಟ್ಟೀರೇನ್ರಿ?' ಎಂದರೆ, ಅಪ್ಪ, 'ಇಲ್ಲ' ಎನ್ನುತ್ತಿದ್ದರು. 'ನಿಮ್ಮ ಮಂದಿ ಕಂಜೂಸ್ ಮಂದಿ.' 'ಖರೆ ಅದ.' ಅವ್ವ ನನ್ನ ಹತ್ತಿರ ಬಂದು ಕಣ್ಣೀರು ಒರೆಸಿಕೊಂಡಳು. 'ಹೌದು ಅಂದ್ರ ಮುಗದೇ ಹೋತು, ಇನ್ನ ನಾ ಏನ್ ಮಾತಾಡ್ಲಿ? ಇಂಥವರ ಕೂಡ ಹ್ಯಾಂಗ ಸಂಸಾರ ಮಾಡಬೇಕು?'

ನಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ನಾರಾಯಣಖೇಡದಲ್ಲಿ ಅಪ್ಪನ ಚಿಕ್ಕಪ್ಪನ ಮಗನಿದ್ದಾನೆ. ಅವನ ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲು. ರೂಢಿಯಂತೆ ಕರೆ ಬಂದದ್ದು ಹಿರಿಯ ಮನೆಗೆ, ಅಂದರೆ ದೊಡ್ಡವ್ವನಿಗೆ. ಮೊದಲಾಗಿದ್ದರೆ ಆ ಸುದ್ದಿ, 'ನಾರಾಯಣಖೇಡದವರು ಕರದಾರ, ಬಂದ್ರ ಬಾ, ಬಿಟ್ರ ಬಿಡು, ನಿನ್ನ ಮಾರಿ ನೋಡಾಕ ಯಾರೂ ಕಾದು ಕುಂತಿಲ್ಲ!' ಎಂದು ಐದು ನಿಮಿಷದಲ್ಲಿ ನಮಗೆ ಮುಟ್ಟುತ್ತಿತ್ತು. ಈಗ ಮುಟ್ಟಲಿಲ್ಲ. ಒಬ್ಬಳೇ ಹೇಗೆ ಹೋಗಲಿ ಎಂದು ದೊಡ್ಡವ್ವನೂ ಹೋಗಲಿಲ್ಲ. ಎರಡೂ ಮನೆಯವರು ಬರಲಿಲ್ಲವೆಂದು ಅವರು ಸಿಟ್ಟಾಗಿ ಕಾಗದ ಬರೆದರು. ದೊಡ್ಡವ್ವನಿಗೆ ಎಂಟು ದಿನದಿಂದ ಹಲ್ಲುನೋವು ಎಂಬುದು ನಮಗೆ ಗೊತ್ತಾದದ್ದೂ ಆ ಕಾಗದದಿಂದಲೇ; ಬಾರದ್ದಕ್ಕೆ ಅವಳು ಅವರಿಗೆ ಅದನ್ನೇ ಕಾರಣ ಹೇಳಿ ಕಳಿಸಿದ್ದಳಂತೆ. ತಾಂಡೂರಿನಲ್ಲಿ ಹತ್ತು ಹೆಜ್ಜೆ ಆಚೆಗಿನ ಹಲ್ಲುನೋವು ನಾರಾಯಣಖೇಡವನ್ನು ಸುತ್ತಿ ಬಂದಿತ್ತು. ಅವ್ವ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದಳು. ಲವಂಗದ ಡಬ್ಬಿ ತೆಗೆದು, ನಾಲ್ಕು ಲವಂಗ ಕೈಯಲ್ಲಿ ಹಿಡಿದು ಅಂಗಳಕ್ಕೆ ಹೋದಳು. ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಮರಳಿ ಬಂದು ಡಬ್ಬಿಗೆ ಹಾಕಿದಳು.

ನಾನು ಹೋಗಿ ಕೊಡುತ್ತೇನೆಂದೆ. ಅವ್ವ ಬೇಡವೆಂದಳು. 'ನಾನಾಗಿ ಕೊಟ್ ಕಳಿಸಿದ್ರ ಸೋತಾಂಗ. ಬೈಕೋತ ಕೊಟ್ರ ಬ್ಯಾರೆ.' ಹಾಗಾದರೆ ಬೈದೇ ಕೊಡುತ್ತೇನೆ, ಏನು ಹೇಳಲಿ ಎಂದು ಕೇಳಿದೆ. ಅವ್ವ ಹುರುಪಾಗಿ ಒಂದು ಉದ್ದನೆಯ ಬೈಗುಳ ಹೇಳಿಕೊಟ್ಟಳು. ಅದರಲ್ಲಿ ದೊಡ್ಡವ್ವನ ಹಲ್ಲು, ನಾಲಿಗೆ, ಬೆಲ್ಲ ತಿನ್ನುವ ಚಟ, ತವರುಮನೆಯವರ ದವಡೆ ಎಲ್ಲ ಇದ್ದವು. ನಾನು ಗೋಡೆ ಬಳಸಿ ಬೀದಿಯಿಂದ ಹೋಗಿ, ದೊಡ್ಡವ್ವನ ಮುಂದೆ ನಿಂತು, 'ಬೆಲ್ಲ ಕಡಿಮೆ ತಿನ್ನಬೇಕಂತೆ' ಎಂದೆ. ನನ್ನ ಬಾಯಿಂದ ಅಷ್ಟೇ ಬಂತು, ಲವಂಗ ಮುಷ್ಟಿಯಲ್ಲೇ ಉಳಿಯಿತು. ದೊಡ್ಡವ್ವ ಇನ್ನೂ ಇದೆಯೆಂದು ಕಾದಳು. ಆಮೇಲೆ ಮುಖ ಸಪ್ಪಗೆ ಮಾಡಿ, 'ಇಷ್ಟಽ? ಆಕಿಗಿ ಮೈಯಾಗ ಆರಾಮಿಲ್ಲೇನ?' ಎಂದು ಕೇಳಿದಳು. ನಾನು ಮುಟ್ಟಿಸಿದರೆ ಬೈಗುಳವೂ ತಹಸೀಲಿನ ವರದಿಯಾಗುತ್ತಿತ್ತು.

ಆಗಲೇ ನಾನು ಅವಳ ಕೋಣೆಯ ಮೂಲೆಯಲ್ಲಿದ್ದ ಟ್ರಂಕು ನೋಡಿದ್ದು. ಅದರ ಬಾಯಿ ತೆರೆದಿತ್ತು. ಚಳಿಗಾಲದ ಕೌದಿ, ಪೂಜೆಯ ಸಾಮಾನು ಒಳಗಿದ್ದವು. ಎಲ್ಲಿಗೆ ಎಂದು ಕೇಳಿದೆ.

'ಜಹೀರಾಬಾದಿಗಿ. ಮಗಳು ಕಮಲಾನ ಮನಿಗಿ. ಅಳಿಯ ಶನಿವಾರ ಬರ್ತಾನ ಕರಕೊಂಡು ಹೋಗಾಕ.'

'ಎಷ್ಟು ದಿನ?'

'ಎಷ್ಟು ದಿನ ಅಂದ್ರ? ಇರೂ ತನಕ. ಇಲ್ಲೇನದ ನನಗ? ಮುಂಜಾನಿ ಎದ್ದು ಗ್ವಾಡಿ ನೋಡಬೇಕು, ಸಂಜೀಕ ಗ್ವಾಡಿ ನೋಡಬೇಕು. ಅಲ್ಲಿ ಕಮಲಾನ ಅತ್ತಿ ಅದಾಳ. ಬಾಯಿ ಭಾಳ ಜೋರದ ಅಂತಾರ.' ಕೊನೆಯ ಮಾತನ್ನು ಹೇಳುವಾಗ ಅವಳ ಕಣ್ಣಲ್ಲಿ ಸ್ವಲ್ಪ ಆಸೆ ಇತ್ತು. ಮನೆಯನ್ನು ಬಾಡಿಗೆಗೆ ಕೊಡಲು ಕಲ್ಲಿನ ಗುತ್ತಿಗೆದಾರನೊಬ್ಬನ ಜೊತೆ ಮಾತೂ ಆಗಿತ್ತು.

ನಾನು ಬಂದು ಹೇಳಿದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಂತಿತು. 'ಹೋಗ್ಲಿ. ನನಗೇನ' ಎಂದಳು. ಒಂದು ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ನಮ್ಮ ಮನೆಯಲ್ಲಿ ರೊಟ್ಟಿ ಸೀದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ, 'ಆ ಜಹೀರಾಬಾದಿನಾಕಿಗಿ ಏನ್ ಬೈಯಾಕ ಬರ್ತದ? ಬೆಲ್ಲದ ದುಕಾನದವರು, ಬಾಯಿ ಅಂಟಗೊಂಡೇ ಇರ್ತದ' ಎಂದಳು. ಅದಾದ ಮೇಲೆ ಎರಡು ದಿನ ಅವ್ವ ಊಟ ಸರಿಯಾಗಿ ಮಾಡಲಿಲ್ಲ. ತಟ್ಟೆಯ ಮುಂದೆ ಕೂತು ಮುರಿದ ರೊಟ್ಟಿಯನ್ನು ಮತ್ತೂ ಮುರಿದು ಎದ್ದುಬಿಡುತ್ತಿದ್ದಳು.

ಆ ಎರಡು ದಿನ ನಾನು ಕಥೆಯನ್ನಲ್ಲ, ಹನ್ನೊಂದು ವರ್ಷದ ಜಗಳವನ್ನು ನೆನಪು ಮಾಡಿಕೊಂಡೆ. ಅರಳೆ ದಾಟಿ ಒಳಬಂದದ್ದು ನಾನಂದುಕೊಂಡದ್ದಕ್ಕಿಂತ ಹೆಚ್ಚಿತ್ತು. ಮತ್ತು ಒಂದು ವಿಷಯ ನನಗೆ ಆಗಲೇ ಮೊದಲ ಸಲ ತಿಳಿಯಿತು. ನನಗಿಂತ ಮೊದಲು ಹುಟ್ಟಿದ ಗಂಡುಮಗು ಅವ್ವನಿಗೆ ಉಳಿಯಲಿಲ್ಲ. ದೊಡ್ಡವ್ವನ ಗಂಡ ಸತ್ತದ್ದು ಅವಳಿಗೆ ಮೂವತ್ತೂ ತುಂಬದಾಗ. ಬೈಯುವವರಿಗೆ ಇದಕ್ಕಿಂತ ಹರಿತವಾದ ಕತ್ತಿ ಬೇಕೇ? ಆದರೆ ಅಷ್ಟು ವರ್ಷ ಒಬ್ಬರನ್ನೊಬ್ಬರು ಹಲ್ಲಿನಿಂದ ಹಿಮ್ಮಡಿಯ ತನಕ ಬೈದ ಇವರು ಒಮ್ಮೆಯೂ ಆ ಕಡೆ ಹೋಗಿರಲಿಲ್ಲ. ಎಲ್ಲಿ ಕಾಲಿಡಬಾರದೆಂಬುದು ಇಬ್ಬರಿಗೂ ಗೊತ್ತಿತ್ತು. ನನ್ನ ಕಥೆಯ ವಾರಗಿತ್ತಿಯರು ಹದಿನಾರು ಪುಟ ಪ್ರೀತಿಸಿದರೂ ಒಬ್ಬರ ಬಗ್ಗೆ ಒಬ್ಬರಿಗೆ ಇಷ್ಟು ತಿಳಿದಿರಲಿಲ್ಲ.

ಜಗಳವನ್ನು ನಾನು ನಿಲ್ಲಿಸಿದ್ದೆ, ನಾನೇ ಶುರುಮಾಡಬೇಕು. ನಮ್ಮ ಹೈದರಾಬಾದು ಸರಕಾರದಲ್ಲಿ ಶುಕ್ರವಾರ ಶಾಲೆಗೆ ರಜೆ. ಅಳಿಯ ಬರುವುದು ಮರುದಿನ, ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ. ಗುರುವಾರ ಸಂಜೆ ಕೂತು ದೊಡ್ಡವ್ವನ ಮೇಲೆ ಏಳು ಆರೋಪಗಳನ್ನು ಕಾಗದದ ಮೇಲೆ ಬರೆದೆ. ಮುಖ್ಯವಾದವು ಮೊದಲು, ಸಣ್ಣವು ಆಮೇಲೆ. ಬೆಳಿಗ್ಗೆ ಅವಳ ಅಂಗಳಕ್ಕೆ ಹೋಗಿ, ಗೋಡೆಯ ಹತ್ತಿರವೇ ನಿಂತೆ. ಆಚೆ ಅವ್ವ ದನಕ್ಕೆ ನೀರು ತುಂಬುವ ಸದ್ದು ಕೇಳುತ್ತಿತ್ತು. ಗಂಟಲು ಸರಿಮಾಡಿಕೊಂಡು, 'ದೊಡ್ಡವ್ವ, ನಿಮ್ಮ ಮೇಲೆ ನಮ್ಮ ಕೆಲವು ತಕರಾರುಗಳಿವೆ. ಒಂದನೆಯದಾಗಿ...' ಎಂದೆ.

ದೊಡ್ಡವ್ವ ಕಸಬರಿಗೆ ಬಿಟ್ಟು ನೋಡಿದಳು. 'ಇದೇನ್ ತಂಗಿ? ಚೀಟಿ ನೋಡ್ಕೋತ ಬೈತೀಯೇನ? ಮತ್ತ ಇಷ್ಟು ದಿನ ನೀ ಅಂತಿದ್ದಾಕಿ, ಬೈಯಾಕ ಬಂದು ನೀವು ಅಂತಿ?'

'ದಯಮಾಡಿ ಮಧ್ಯೆ ಮಾತಾಡಬಾರದು. ಒಂದನೆಯದಾಗಿ, ನಿಮ್ಮ ದನ ನಮ್ಮ ಹಿತ್ತಿಲಿಗೆ...'

'ಬೈಯಾಗ ದಯಾ ಎಲ್ಲಿಂದ ಬಂತು ನಡುವ? ಸೆರಗ ಸೊಂಟಕ್ಕ ಸಿಗಸ್ಕೋ ಮೊದಲ. ಹಂಗಲ್ಲ. ಬಿಗಿ. ಕೈ ಹಿಂಗ ಮುಂದ ಬರಬೇಕು. ಹಾಂ. ಮಾರಿ ಮ್ಯಾಲ ಎತ್ತು. ಈಗ ಅನ್ನು.'

ನಾನು ಸೆರಗು ಸಿಗಿಸಿದೆ, ಕೈ ಮುಂದೆ ಮಾಡಿದೆ. 'ನಿಮ್ಮ ದನ...' ಎಂದೆ. ಮುಂದಿನ ಅಕ್ಷರ ಕಾಣಲಿಲ್ಲ. ದೊಡ್ಡವ್ವ ಕಾಯುತ್ತಿದ್ದಳು, ಮೊಮ್ಮಗು ಮೊದಲ ಹೆಜ್ಜೆ ಇಡುವುದನ್ನು ಕಾಯುವ ಹಾಗೆ. ಅವಳ ಹಿಂದೆ, ಬಾಗಿಲೊಳಗೆ, ಹಗ್ಗ ಬಿಗಿದ ಟ್ರಂಕು ಕಾಣುತ್ತಿತ್ತು. ಏಳು ಆರೋಪಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಕಾಗದದಲ್ಲಿಲ್ಲದ ಮಾತು ಬಾಯಿಗೆ ಬಂತು. ಅದೂ ನಾನು ಬರೆಯುವ ಭಾಷೆಯಲ್ಲಲ್ಲ.

'ಹೋಗಬ್ಯಾಡ ದೊಡ್ಡವ್ವ! ನೀ ಹೋಗ್ತಿ ಅಂತ ಕೇಳಿದಾಗಿಂದ ಅವ್ವ ಉಂಡಿಲ್ಲ. ಎರಡು ದಿನ ಆತು, ರೊಟ್ಟಿ ಮುರದು ಮುರದು ಬಿಡ್ತಾಳ. ಲವಂಗ ಹಿಡ್ಕೊಂಡು ಈ ಗ್ವಾಡಿ ಮುಂದ ನಿಂತಿದ್ಳು ನಿನ್ನ ಹಲ್ಲಿಗಿ. ನೀ ಇಲ್ದಿದ್ರ ಆಕಿ ಸಾಯ್ತಾಳ!'

ಆಚೆ ಕೊಡ ಬಿದ್ದ ಸದ್ದಾಯಿತು. ನಾನು ಮಾಡಬಾರದ್ದನ್ನು ಮಾಡಿದ್ದೆ. ಶತ್ರುವಿನ ಕೈಗೆ ಮನೆಯ ಗುಟ್ಟು ಕೊಟ್ಟಿದ್ದೆ. ಗೋಡೆಯ ಹಿಂದೆ ಏನೋ ಎಳೆದ ಸದ್ದು, ಅವ್ವನ ಏದುಸಿರು, 'ಜರಾ ಹಿಡಕೋರಿ ಇದನ್ನ' ಎಂಬ ಮಾತು, ಅಪ್ಪನ 'ಆತು, ಆತು' ಕೇಳಿಸಿದವು. ಫರಸಿಗಳ ಮೇಲೆ ಅವ್ವನ ಮುಖ ಮೂಡಿತು. ಒಳ್ಳನ್ನು, ಅಂದರೆ ಕುಟ್ಟುವ ಒರಳನ್ನು, ಬೋರಲು ಹಾಕಿ ಹತ್ತಿದ್ದಳು.

'ಯಾರ್ ಉಂಡಿಲ್ಲ? ಯಾರ್ ಸಾಯ್ತಾರ? ನಿನ್ನಿ ಎರಡು ರೊಟ್ಟಿ ತಿಂದೀನಿ ನಾ! ಎರಡು!'

ದೊಡ್ಡವ್ವನ ಗಲ್ಲ ಅದುರಿದ್ದನ್ನು ನಾನು ನೋಡಿದೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನನಗೆ ಹೇಳಿಕೊಟ್ಟದ್ದಕ್ಕಿಂತ ಎಷ್ಟೋ ಚೆನ್ನಾಗಿ.

'ಎರಡಽ? ನಾಕು ತಿಂದು ಇನ್ನೊಂದಕ್ಕ ಕೈ ಚಾಚಾಕಿ ಎರಡಕ್ಕ ಬಂದೀದಿ! ಇಷ್ಟಗಲ ಇದ್ದ ಮಾರಿ ಹುಣಸಿಬೀಜ ಆಗ್ಯದ ನೋಡು!'

'ನನ್ನ ಮಾರಿ ಬಿಡು, ನಿನ್ನ ದವಡಿ ನೋಡ್ಕೋ! ಹಲ್ಲು ಬ್ಯಾನಿ ಆದ್ರ ಬಾಯಿ ಬಿಟ್ಟು ಅನ್ನಬೇಕು! ಊರಿಗೆಲ್ಲ ಬಾಯಿ ಅದ, ಇದಕ್ಕ ಇಲ್ಲ?'

'ಗ್ವಾಡಿಗಿ ಅನ್ಲೇನ? ನಿನ್ನ ಮಗಳು ಕಟ್ಟಸ್ಯಾಳಲ್ಲ, ನವಾಬನ ಕಿಲ್ಲೆ ಹಂಗ!'

'ನನ್ನ ಮಗಳು ಯಾಕ? ನಿನ್ನ ಮಗಳಲ್ಲೇನ ಆಕಿ? ಸಣ್ಣಾಕಿದ್ದಾಗ ನಿನ್ನ ಮನ್ಯಾಗೇ ಬಿದ್ದಿರ್ತಿದ್ಳು, ನೀನೇ ಕೆಡಿಸಿದಿ!'

'ನಾ ಅಲ್ಲ, ಓದಿಸಿ ನೀ ಕೆಡಿಸಿದಿ!'

'ಹೋಗು ನೀ ಜಹೀರಾಬಾದಿಗಿ! ಹೋಗು! ಆ ಅಂಟ ಬಾಯಾಕಿ ಕೂಡ ಬೈದಾಡು, ಏನ್ ಹೇಳ್ತಾಳ ನೋಡ್ತೀನಿ!'

'ನೀ ಹೋಗಂದ್ರ ಹೋಗ್ತೀನೇನ ನಾ? ನೀ ಯಾವಾಕಿ ನನಗ ಹೋಗನ್ನಾಕಿ? ಇದು ನನ್ನ ಮಾವ ಕಟ್ಟಿಸಿದ್ ಮನಿ! ಇಲ್ಲೇ ಇರ್ತೀನಿ! ನಿನ್ನ ಎದಿ ಮ್ಯಾಲೆ ಇರ್ತೀನಿ!'

ಅಪ್ಪ ಆ ದಿನ ಮಧ್ಯಾಹ್ನದ ತನಕ ಒಳ್ಳನ್ನು ಹಿಡಿದೇ ಇದ್ದರು. ನಡುವೆ ಒಮ್ಮೆ ನನ್ನನ್ನು ಕರೆದು, ಮೆಲ್ಲಗೆ, ಎರಡು ಮನೆಗೂ ಚಹಾ ಮಾಡಲು ಹೇಳಿದರು.

ಮರುದಿನ ಅಳಿಯ ಬಂದ. ದೊಡ್ಡವ್ವ ಹೋಳಿಗೆ ಮಾಡಿದ್ದಳು. ಅಳಿಯ ಹೊಟ್ಟೆತುಂಬ ತಿಂದು, ಖಾಲಿ ಕೈಯಲ್ಲಿ ಸಂಜೆಯ ಗಾಡಿ ಹತ್ತಿದ. ಬಾಡಿಗೆಯ ಗುತ್ತಿಗೆದಾರನನ್ನು ದೊಡ್ಡವ್ವ ಬೀದಿಯಲ್ಲೇ ನಿಲ್ಲಿಸಿ ಬೈದು ಕಳಿಸಿದಳು. ಅವ್ವ ಈ ಕಡೆಯಿಂದ ಅವಳಿಗೆ ಕೆಲವು ಮಾತು ಒದಗಿಸಿದಳು. ಸೋಮವಾರ ಮಲ್ಲಯ್ಯ ಬಂದು ನಡುವಿನ ಮೂರು ಫರಸಿ ಕಿತ್ತ. ಕೂಲಿ ಕೊಡುವಾಗ ನನಗೆ, 'ಒಡದ ಬಂಡ ಜೋಡಸಾಕ ಬರಂಗಿಲ್ಲಮ್ಮಾ. ಗ್ವಾಡಿ ಆದ್ರ ಎಷ್ಟು ಸಲ ಬೇಕಾದ್ರೂ ಕೀಳ್ತೀನಿ' ಎಂದ. ಒಡೆದ ಕಲ್ಲು ಹಾಗೆಯೇ ಇದೆ. ಈಗ ಜಗಳ ಆ ಮೂರು ಫರಸಿಗಳು ಯಾರವೆಂಬುದರ ಮೇಲೆ ನಡೆಯುತ್ತಿದೆ. ಮೊದಲಿಗಿಂತ ಸ್ವಲ್ಪ ಜೋರಾಗಿದೆ ಎಂದು ಬೀದಿಯವರ ಅಭಿಪ್ರಾಯ.

ಇಲ್ಲಿಗೆ ಎಲ್ಲ ಸುಖವಾಯಿತು ಎಂದು ಬರೆಯುವವಳಿದ್ದೆ. ಆದರೆ ಆ ಶುಕ್ರವಾರದ ಮಧ್ಯಾಹ್ನ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಇಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ತಪ್ಪೆಲ್ಲ ನನ್ನದು. ಅಜ್ಜ ತಂದ ಕಲ್ಲನ್ನು ಒಡೆಸಿದೆನೆಂದು ದೊಡ್ಡವ್ವ, ಲವಂಗದ ಗುಟ್ಟು ಹೇಳಿದೆನೆಂದು ಅವ್ವ. ದೊಡ್ಡವ್ವ ಎರಡು ದಿನಕ್ಕೆ ಮರೆತಳು. ಅವ್ವ ಮರೆಯಲಿಲ್ಲ. ಈಬತ್ತಿ ಮುಟ್ಟಿ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇಂದಿಗೆ ಹದಿನೈದು ದಿನ. ಒಂದೇ ಅಡುಗೆಮನೆಯಲ್ಲಿದ್ದೇವೆ, 'ಏ ಬೆಕ್ಕೇ, ಸಾಲಿ ಅಕ್ಕೋರಿಗಿ ಹೇಳು, ಹಾಲು ಉಕ್ಕಲಾಕ ಹತ್ಯದ' ಎನ್ನುತ್ತಾಳೆ. ನಾನು ಕ್ಷಮೆ ಕೇಳಿದೆ, ಕೇಳಿಸಿಕೊಳ್ಳಲಿಲ್ಲ. ಕಾಗದ ಬರೆದಿಟ್ಟೆ, ಅವಳಿಗೆ ಓದಲು ಬರುವುದಿಲ್ಲ, ಓದಿ ಹೇಳುವವಳು ನಾನೇ. ಮಾತು ಬಿಟ್ಟವರನ್ನು ಮಾತಿಗೆಳೆಯುವ ದಾರಿ ನಮ್ಮ ಕಡೆ ಒಂದೇ ಇದೆ, ಜಗಳ; ಅದು ನನಗೆ ಬರುವುದಿಲ್ಲ. ದೊಡ್ಡವ್ವನನ್ನು ಕೇಳಿದೆ. 'ಬಾಯಿಲೆ ಬರದಿದ್ರ ಕೈಲೆ ಮಾಡು' ಎಂದಳು.

ನಿನ್ನೆ ಸಾರಿಗೆ ಬೇಕೆಂದೇ ಉಪ್ಪು ಹಾಕಲಿಲ್ಲ. ಅವ್ವ ಒಂದು ಮಾತೂ ಆಡದೆ ಉಂಡು ಕೈತೊಳೆದಳು. ಇಂದು ಎರಡು ಸಲ ಹಾಕಿದ್ದೇನೆ, ಎರಡೂ ಸಲ ಹಿಡಿ ತುಂಬ. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲ ಮರೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವ್ವ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿದಳು. ಈಗ ಬಾಯಿಗೆ ಇಡುತ್ತಿದ್ದಾಳೆ.